ಕೋಳಿಯ ಬೆನ್ನಿಗೆ ಕಿವಿ

ಅತ್ತೆಯ ಬಾಯಿ ಮುಚ್ಚುತ್ತಿರಲಿಲ್ಲ. ಸೊಸೆ ಹೆಣದ ಗಲ್ಲದ ಕೆಳಗಿಂದ ಬಟ್ಟೆ ತಂದು ನೆತ್ತಿಯ ಮೇಲೆ ಮೂರನೇ ಸಲ ಗಂಟು ಹಾಕಿದಳು. ಕೈ ತೆಗೆದದ್ದೇ ತಡ, ದವಡೆ ಮತ್ತೆ ಜಾರಿತು.

"ಬಿಡಿ, ನಾನು ಕಟ್ತೀನಿ." ಬೆಳಗಿನ ಬಸ್ಸಿಗೆ ಬಂದಿಳಿದ ನಾದಿನಿ ಬಟ್ಟೆ ಕಿತ್ತುಕೊಂಡಳು. "ವರ್ಷದಿಂದ ಶ್ವಾಸಕೋಶ ಕೆಟ್ಟಿತ್ತಂತೆ, ಡಾಕ್ಟ್ರು ಫೋನಲ್ಲಿ ಹೇಳಿದ್ರು. ಒಂದೇ ಸೂರಿನ ಕೆಳಗಿದ್ರಿ ಅತ್ತಿಗೆ, ಒಂದಿನಾನೂ ಗೊತ್ತಾಗ್ಲಿಲ್ವಾ?"

ಗಂಡ ಅಡ್ಡ ಬಂದ. "ಅಮ್ಮ ಏನೂ ಹೇಳ್ಲೇ ಇಲ್ಲ ಕಣೇ. ನಮಗೆ ಹೇಗೆ ಗೊತ್ತಾಗ್ಬೇಕು?"

ಸೊಸೆ ಹೂಂ ಎಂದಳು.

ಹೊರಗೆ ಕುರ್ಚಿಯಲ್ಲಿ ಕೂತಿದ್ದ ನಿವೃತ್ತ ಅಂಚೆಯಣ್ಣ ಹೇಳುತ್ತಿದ್ದ: "ಬೀದಿ ಕೋಳಿಗಳಿಗೆಲ್ಲ ಇವರೇ ಡಾಕ್ಟ್ರು. ನಮ್ಮ ಹುಂಜಾನ ಎರಡು ಸಲ ಉಳಿಸಿಕೊಟ್ಟ ಪುಣ್ಯಾತ್ಗಿತ್ತಿ. ದರಿದ್ರದ್ದು ನಸುಕಿಗೇ ಕೂಗುತ್ತೆ, ಅದೊಂದೇ ಅವರ ಮೇಲೆ ನನಗಿದ್ದ ದೂರು."

*

ಸೊಸೆ ಮನೆಗೆ ಬಂದ ಹೊಸತರಲ್ಲಿ ಅತ್ತೆ ಅವಳನ್ನು ಹಿತ್ತಲಿಗೆ ಕರೆದಿದ್ದರು.

"ನೋಡು, ಈ ಕೋಳಿ ಕತ್ತು ಚಾಚಿ, ಕೊಕ್ಕು ತೆರೆದು ಉಸಿರೆಳೀತಿದೆ. ಒಂದೊಂದು ಉಸಿರಿಗೂ ಬಾಲ ಮೇಲೆ ಕೆಳಗೆ ಆಡ್ತಿದೆ. ಇದನ್ನ ಈಗಲೇ ಬೇರೆ ಇಡ್ಬೇಕು. ಗೂಡಿನ ಹಸಿ ಹೊಟ್ಟು ತೆಗೆದು ಒಣಗಿದ್ದು ಹಾಕು, ಗಾಳಿ ಆಡ್ಲಿ. ಔಷಧಿ ಮಾತ್ರ ಪಶುವೈದ್ಯರನ್ನ ಕೇಳಿಯೇ ಕೊಡ್ಬೇಕು. ಈಗ ಬೆನ್ನಿಗೆ ಕಿವಿ ಇಡು."

ಸೊಸೆ ಮುಖ ಸಿಂಡರಿಸಿಕೊಂಡೇ ಕಿವಿ ಇಟ್ಟಳು. ಒಳಗೆ ಗೊರಗೊರ ಸದ್ದು.

"ಕೋಳಿ ಕಾಯಿಲೆ ಮುಚ್ಚಿಡುತ್ತೆ ಕಣೇ. ಸೊರಗಿದೆ ಅಂತ ಗೊತ್ತಾದ್ರೆ ಉಳಿದವು ಕುಕ್ಕುತ್ತವೆ. ಅದಾಗೇ ತೋರಿಸೋ ಹೊತ್ತಿಗೆ ತಡ ಆಗಿರುತ್ತೆ."

ಹೋದ ವರ್ಷದಿಂದ ಹಿತ್ತಲಿನ ಮೂರು ಮೆಟ್ಟಿಲು ಹತ್ತುವಾಗ ಅತ್ತೆ ಎರಡನೆಯದರಲ್ಲಿ ನಿಂತುಬಿಡುತ್ತಿದ್ದರು. ಗೋಡೆ ಹಿಡಿದು, ಕತ್ತು ಚಾಚಿ, ಬಾಯಿ ತೆರೆದು. ಏನು ಎಂದರೆ, "ಕೋಳಿ ಎಣಿಸ್ತಿದೀನಿ" ಎನ್ನುವರು. ಇದ್ದದ್ದು ಆರು.

"ಆರು ಕೋಳಿ ಎಣಿಸೋಕೆ ಅರ್ಧ ಗಂಟೆನಾ ಅತ್ತೆ? ಕೆಲಸ ತಪ್ಪಿಸ್ಕೊಳ್ಳೋಕೆ ಒಳ್ಳೆ ಉಪಾಯ!"

ಗಂಡ ನಗುತ್ತಿದ್ದ. ಅತ್ತೆಯೂ ನಗಲು ಹೋಗಿ ಕೆಮ್ಮುತ್ತಿದ್ದರು. ಸೊಸೆಗೆ ತಿಳಿಯಲಿಲ್ಲವೆಂದಲ್ಲ. ಕಲಿತ ವಿದ್ಯೆ ಕಣ್ಣೆದುರಿಗೆ ಎಲ್ಲವನ್ನೂ ಬಿಡಿಸಿ ಹೇಳುತ್ತಿತ್ತು. ಆದರೆ ಕಾಯಿಲೆ ಎಂದರೆ ಆಸ್ಪತ್ರೆ, ಆಸ್ಪತ್ರೆ ಎಂದರೆ ಜೊತೆಗೆ ಅಲೆಯಬೇಕಾದವಳು ತಾನೇ. ನಾಳೆ ನೋಡೋಣ ಎಂದು ಅವಳು ಕಂಡೂ ಕಾಣದಂತಿದ್ದಳು. ನಾಳೆಗಳಿಗೇನು ಬರಗಾಲವೇ?

*

ಹೆಣ ಎತ್ತುವ ಹೊತ್ತಿಗೆ ಸರಿಯಾಗಿ ಪಕ್ಕದ ಬೀದಿಯ ದರ್ಜಿ ಹಿತ್ತಲ ಬಾಗಿಲಿಂದ ಬಂದ. ಕಂಕುಳಲ್ಲಿ ಕಂದು ಕೋಳಿ.

"ಅಮ್ಮಾವ್ರಿಗೆ ಸ್ವಲ್ಪ ತೋರಿಸ್ಬೇಕಿತ್ತು..." ಒಳಗಿನ ಅಳು ಕೇಳಿ ಅವನ ಮುಖ ಇಳಿಯಿತು. "ಅಯ್ಯೋ, ಗೊತ್ತಿರ್ಲಿಲ್ಲ ತಾಯಿ. ತಪ್ಪಾಯ್ತು, ಬರ್ತೀನಿ."

"ಕೊಡಿ ಇಲ್ಲಿ," ಎಂದಳು ಸೊಸೆ.

ಎರಡನೇ ಮೆಟ್ಟಿಲ ಮೇಲೆ ಕೂತು ಕೋಳಿಯನ್ನು ಮಡಿಲಿಗೆ ಹಾಕಿಕೊಂಡಳು. ಬೆನ್ನಿಗೆ ಕಿವಿ ಇಟ್ಟಳು. ಗೊರಗೊರ. ವರ್ಷವಿಡೀ ಬಚ್ಚಲಮನೆಯ ಬಾಗಿಲ ಹಿಂದಿನಿಂದ ಕೇಳಿಸಿದ ಅದೇ ಸದ್ದು. ಎಲ್ಲಿತ್ತೋ ಸಿಟ್ಟು, ಒಮ್ಮೆಲೇ ನೆತ್ತಿಗೇರಿತು.

"ಇದು ಇವತ್ತಿನದಲ್ಲ! ಎಷ್ಟೋ ದಿನದಿಂದ ಇದೆ. ಕೊಕ್ಕು ತೆರ್ಕೊಂಡೇ ಇದೆ, ಬಾಲ ಆಡ್ತಿದೆ. ದಿನಾ ಕಣ್ಮುಂದೆ ಓಡಾಡ್ತಿತ್ತಲ್ಲ, ಕಾಣ್ಲಿಲ್ವಾ? ಕಣ್ಣಿಲ್ಲದೋರಿಗೂ ಗೊತ್ತಾಗುತ್ತಲ್ರೀ ಇದು!"

"ಕಾಳು ತಿನ್ತಿತ್ತು ತಾಯಿ... ಚೆನ್ನಾಗೇ ಇದೆ ಅಂದ್ಕೊಂಡೆ," ಎಂದು ದರ್ಜಿ ತಡವರಿಸಿದ.

ಸೊಸೆ ತಲೆ ಎತ್ತಿದಳು. ಬಾಗಿಲಲ್ಲಿ ನಾದಿನಿ ನಿಂತಿದ್ದಳು. ಗಲ್ಲಕ್ಕೆ ಕಟ್ಟಿ ಮಿಕ್ಕ ಬಟ್ಟೆಯ ತುಂಡು ಅವಳ ಕೈಯಲ್ಲಿತ್ತು.

ಒಳಗೆ ಯಾರೋ "ಎತ್ತಿ" ಎಂದರು. ಸೊಸೆಗೆ ಏಳಲಾಗಲಿಲ್ಲ. ಮಡಿಲಲ್ಲಿ ಕೋಳಿ ಕತ್ತು ಚಾಚಿ ಕೊಕ್ಕು ತೆರೆಯಿತು, ಮುಚ್ಚಿತು, ಮತ್ತೆ ತೆರೆಯಿತು.