ಟ್ರಾಲಿ ಬ್ಯಾಗಿನಲ್ಲಿ ಅಮ್ಮನ ಲೋಟ

ನನ್ನಂಥ ಪ್ಯಾಕರ್ ಈ ಭೂಮಿಯ ಮೇಲೆ ಹುಟ್ಟಿಲ್ಲ. ಇನ್ನು ಹುಟ್ಟುವುದೂ ಅನುಮಾನ. ಮನೆ ಸಾಮಾನು ಸಾಗಿಸುವ ಕಂಪನಿಯಲ್ಲಿ ಇಪ್ಪತ್ತಾರು ವರ್ಷ ಸವೆಸಿದವನು. ಮೂರಂತಸ್ತಿನ ಮನೆಯೊಂದನ್ನು ಕಾಫಿ ಆರುವುದರೊಳಗೆ ಒಬ್ಬನೇ ಡಬ್ಬಗಳಿಗೆ ತುಂಬಿದ್ದೇನೆ. ಗೋಡೆಗಳನ್ನು ಮಾತ್ರ ಬಿಟ್ಟೆ, ಅದೂ ಮನೆಯವರು ಕೈಮುಗಿದು ಬೇಡಿಕೊಂಡದ್ದಕ್ಕೆ.

ಅಂಥವನಿಗೆ ತಂಗಿಯ ಒಂದು ಟ್ರಾಲಿ ಬ್ಯಾಗು ಯಾವ ಲೆಕ್ಕ? ಗೆಳತಿಯರ ಜೊತೆ ನಾಲ್ಕು ದಿನ ಯೂರೋಪಿನ ಒಂದು ಊರು ನೋಡಿ ಬರಲು ಹೊರಟಿದ್ದಳು. ಅಮ್ಮ ಹಾಸಿಗೆ ಹಿಡಿದು ಹನ್ನೆರಡು ವರ್ಷ. ಅಷ್ಟೂ ವರ್ಷ ಇವಳು ಒಂದು ದಿನವೂ ಮನೆ ಬಿಟ್ಟು ಇದ್ದವಳಲ್ಲ. ಈ ನಾಲ್ಕು ದಿನ ಅಮ್ಮನ ಜೊತೆ ನಾನಿರುವುದೆಂದು ಮಾತಾಗಿತ್ತು.

"ಅಣ್ಣ, ಬಟ್ಟೆ ಮೇಜಿನ ಮೇಲಿಟ್ಟಿದ್ದೀನಿ. ನಾಲ್ಕಕ್ಕೆ ಟ್ಯಾಕ್ಸಿ. ಸ್ನಾನ ಮಾಡಿ ಬರೋದ್ರೊಳಗೆ ತುಂಬಿಬಿಡು."

"ನೀನು ತಲೆ ಒರೆಸ್ಕೊಳ್ಳೋದ್ರೊಳಗೆ ನಿನ್ನ ಬ್ಯಾಗು ಯೂರೋಪಿನಲ್ಲಿ ಕೂತಿರುತ್ತೆ, ಹೋಗೇ."

ನಮ್ಮ ಕಸುಬಿನ ಪದ್ಧತಿಯೇ ಹಾಗೆ: ಒಂದು ಮೂಲೆಯಿಂದ ಶುರುಮಾಡಿ ಕೈಗೆ ಸಿಕ್ಕಿದ್ದನ್ನೆಲ್ಲ ಸುತ್ತಿ ಇಡುತ್ತ ಹೋಗಬೇಕು. ಇದು ಯಾರದು, ಯಾಕೆ ಎಂದು ಕೇಳುತ್ತ ನಿಲ್ಲುವವನು ಪ್ಯಾಕರೇ ಅಲ್ಲ. ಮೇಜನ್ನು ಬೋಳು ಮಾಡಿ ಜಿಪ್ ಎಳೆದೆ.

ಒದ್ದೆ ತಲೆಯಲ್ಲೇ ಬಂದ ತಂಗಿ ಬ್ಯಾಗು ಎತ್ತಿ ನೋಡಿದಳು. ಭಾರಕ್ಕೆ ಹುಬ್ಬು ಗಂಟಿಕ್ಕಿ, ತೆರೆದಳು. ಮಾತ್ರೆಯ ಡಬ್ಬಿ, ಮೂತಿಯಿರುವ ಲೋಟ, ಬೆನ್ನುಹುಣ್ಣಿನ ಮುಲಾಮು, ಮೆತ್ತನೆಯ ನಾಲ್ಕು ಟವೆಲು. ಒಂದೊಂದನ್ನೇ ಹೊರಗಿಟ್ಟಳು. ಕೊನೆಗೆ ಉಳಿದದ್ದು ಎರಡು ಜೊತೆ ಬಟ್ಟೆ, ಒಂದು ಬಾಚಣಿಗೆ, ಗೆಳತಿಯಿಂದ ಕೇಳಿ ತಂದ ಸ್ವೆಟರು. ಅವಳದ್ದೆಂದು ಇದ್ದದ್ದು ಅಷ್ಟೇ.

"ಇವೆಲ್ಲ ಅಮ್ಮಂದು. ಪ್ರತಿ ಭಾನುವಾರ ಬರ್ತೀಯ, ಈ ಲೋಟ ನೋಡೇ ಇಲ್ವಾ?"

"ನಾನು ಅಮ್ಮನ ಮುಖ ನೋಡೋಕೆ ಬರ್ತೀನೋ, ಲೋಟ ನೋಡೋಕೋ?"

ಅವಳು ಫೋನು ಕೈಗೆತ್ತಿಕೊಂಡಳು. "ನಾನು ಹೋಗಲ್ಲ. ಫೋನ್ ಮಾಡಿ ಹೇಳಿಬಿಡ್ತೀನಿ."

ಹಾಸಿಗೆಯಿಂದ ಅಮ್ಮನ ದನಿ ಬಂತು. "ಅವನಿಗೆ ಬಾಯಿ ಒಂದೇ ಅಲ್ಲ, ಕೈಯೂ ಇದೆ. ಹೇಳಿಕೊಡೇ."

ತಂಗಿ ನನ್ನತ್ತ ತಿರುಗಿದಳು. "ಸಂಜೆ ಯಾವ ಮಾತ್ರೆ, ಹೇಳು."

ಎಂದಿನ ಬಡಾಯಿಯ ಉತ್ತರವೊಂದು ನಾಲಿಗೆಯ ತುದಿಗೆ ಬಂದೇಬಿಟ್ಟಿತ್ತು. ನುಂಗಿಕೊಂಡೆ.

"ಗೊತ್ತಿಲ್ಲ ಕಣೆ."

ನನ್ನ ಬಾಯಿಂದ ಈ ಮಾತು ಹೊರಟದ್ದನ್ನು ಕೇಳಿದವರು ಈ ಲೋಕದಲ್ಲಿ ಅವರಿಬ್ಬರೇ. ತಂಗಿ ಕೈಲಿದ್ದ ಫೋನನ್ನು ಕೆಳಗಿಟ್ಟಳು.

ಮಾತ್ರೆಗಳನ್ನು ಹೊತ್ತಿನ ಪ್ರಕಾರ ಬರೆಸಿದಳು. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದನ್ನು ತೋರಿಸಿದಳು. "ಎಳೀಬೇಡ. ಭುಜದಡಿ ಒಂದು ಕೈ, ಸೊಂಟದಡಿ ಒಂದು ಕೈ. ಉರುಳಿಸು." ಮೊದಲ ಸಲ ಅಮ್ಮ ಹಲ್ಲು ಕಚ್ಚಿದಳು. ಎರಡನೆಯ ಸಲವೂ. ಮೂರನೆಯ ಸಲ ಸುಮ್ಮನಿದ್ದಳು. ಬೆವರಿನಲ್ಲಿ ತೊಯ್ದು ಹೋಗಿದ್ದೆ ನಾನು.

"ಇನ್ನೊಂದ್ಸಲ ಮಾಡು," ಎಂದಳು ತಂಗಿ.

"ಸಾಕು ಬಿಡೇ. ನಾನೇನು ಬಿಸಿಲಿಗೆ ಹಾಕಿರೋ ಹಾಸಿಗೆನಾ, ತಿರುವಿ ತಿರುವಿ ಹಾಕೋಕೆ? ನೀನು ಹೊರಡು."

ಕೆಳಗೆ ಟ್ಯಾಕ್ಸಿಯ ಹಾರ್ನು. ತಂಗಿ ಅಮ್ಮನಿಗೆ ಹೊದಿಕೆ ಸರಿಮಾಡಿ, ಹಣೆ ಮುಟ್ಟಿ, ಬಾಗಿಲ ತನಕ ಹೋದವಳು ಮತ್ತೆ ತಿರುಗಿ ಬಂದಳು. ಅಮ್ಮ ಕಣ್ಣು ಮುಚ್ಚಿ ಸಮವಾಗಿ ಉಸಿರಾಡುತ್ತಿದ್ದಳು. "ನಿದ್ದೆ ಬಂತು," ಎಂದು ಪಿಸುಗುಟ್ಟಿ ತಂಗಿ ಮೆಟ್ಟಿಲಿಳಿದಳು.

ಟ್ಯಾಕ್ಸಿಯ ಸದ್ದು ರಸ್ತೆಯ ತಿರುವಿನಲ್ಲಿ ಕರಗಿತು.

"ಹೋದಳಾ?" ಕಣ್ಣು ತೆರೆಯದೆಯೇ ಅಮ್ಮ ಕೇಳಿದಳು.

"ಹೋದಳಮ್ಮ."

"ಹಾಗಾದ್ರೆ ಬಾರೋ. ನೀನು ಉರುಳಿಸಿದಾಗಿಂದ ನನ್ನ ಎಡಗೈ ಮೈಯಡಿ ಸಿಕ್ಕಿಕೊಂಡಿದೆ. ಮೆಲ್ಲಗೆ ತೆಗಿ."