ಎಡಗೆನ್ನೆಯ ನಗು

ಅಂಗಡಿಗಳಿಗೆ ಬೋರ್ಡು ಬರೆಯುತ್ತ ಊರೂರು ಅಲೆದು ಬಂದ ಆತನನ್ನು ಬೀದಿಯವರೆಲ್ಲ ಗೀಚಣ್ಣ ಎಂದೇ ಕರೆಯುತ್ತಿದ್ದರು. ಕೆಲಸವಿಲ್ಲದ ಹೊತ್ತಿನಲ್ಲಿ ಕ್ಷೌರದಂಗಡಿಯ ಬೆಂಚಿನ ಮೇಲೆ ಕುಳಿತು, ಸರದಿ ಕಾಯುವವರನ್ನೂ ಕತ್ತರಿಯಡಿ ತೂಕಡಿಸುವವರನ್ನೂ ಪೆನ್ಸಿಲಿನಲ್ಲಿ ಹಿಡಿಯುವುದು ಅವನ ಚಾಳಿ. ತನ್ನನ್ನು ಬರೆಯುತ್ತಿದ್ದಾರೆಂದು ತಿಳಿದೊಡನೆ ಮನುಷ್ಯ ಕಂಬವಾಗಿಬಿಡುತ್ತಾನೆಂದು ಬಲ್ಲ ಅವನು ಯಾರಿಗೂ ಸುಳಿವು ಕೊಡುತ್ತಿರಲಿಲ್ಲ. ಹೀಗಾಗಿ, ಚಿತ್ರ ಬೇಕೆಂದು ಅವನನ್ನು ಕೇಳಿದವರೂ ಇರಲಿಲ್ಲ.

ಮೊದಲ ಸಲ ಕೇಳಿದವಳು ಕ್ಷೌರಿಕನ ಹೆಂಡತಿ. ದೂರದಲ್ಲಿ ಓದುತ್ತಿದ್ದ ಮಗಳು ಅಪ್ಪನ ಚಿತ್ರಕ್ಕೆ ಹಟ ಹಿಡಿದಿದ್ದಳು. ಕ್ಯಾಮೆರಾ ಕಂಡರೆ ಅಪ್ಪನ ಕಣ್ಣು ತಾನಾಗಿ ಮುಚ್ಚಿಕೊಳ್ಳುತ್ತಿತ್ತು. ಗೀಚಣ್ಣನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಆದರೆ ಒಳಗೊಳಗೇ ಅಳುಕು: ತಾನು ಬರೆದದ್ದನ್ನು ನೋಡಿ ಮಗಳು ಅಪ್ಪನನ್ನು ಗುರುತಿಸದಿದ್ದರೆ, ಇಷ್ಟು ವರ್ಷ ಗೀಚಿದ್ದಕ್ಕೆ ಏನರ್ಥ?

ಬೆಂಚಿಗೆ ಬೆನ್ನು ಹಾಕಿ ದುಡಿಯುವ ಕ್ಷೌರಿಕನ ಮುಖವನ್ನು ಅವನು ಎಂದಿನಂತೆ ಗೋಡೆಯ ಕನ್ನಡಿಯಲ್ಲಿ ನೋಡಿ ಬರೆದ. ಕ್ಷೌರಿಕ ಮೆಚ್ಚಿ ತಲೆದೂಗಿದ. ಹೆಂಡತಿ ಮಾತ್ರ ಕಾಗದವನ್ನು ಬೆಳಕಿಗೆ ಹಿಡಿದು ನೋಡಿದಳು.

"ಚೆನ್ನಾಗಿದೆ ಗೀಚಣ್ಣ. ಆದ್ರೆ ಇದು ನಮ್ಮೋರಲ್ಲ. ಇವರ ತಮ್ಮ ಅಂದ್ರೆ ಒಪ್ಕೋಬಹುದು."

ಗೀಚಣ್ಣನ ಮುಖ ಸಪ್ಪಗಾಯಿತು. ಅಷ್ಟರಲ್ಲಿ ಕ್ಷೌರಿಕ ಬೆಂಚಿನತ್ತ ತಿರುಗಿ, ಮುಂದಿನವರನ್ನು ನಗುತ್ತ ಕರೆದ. ಆ ಸೊಟ್ಟ ನಗು ಎಡಗೆನ್ನೆಗೆ ಏರಿತು. ಕಾಗದದಲ್ಲಿ ಅದು ಬಲಗೆನ್ನೆಯಲ್ಲಿತ್ತು. ಕನ್ನಡಿ ತನ್ನನ್ನು ಚೆನ್ನಾಗಿ ಏಮಾರಿಸಿತ್ತೆಂದು ಗೀಚಣ್ಣನಿಗೆ ಆಗ ಹೊಳೆಯಿತು.

ಎದುರು ನಿಂತು ಬರೆಯಹೋದರೆ ಕ್ಷೌರಿಕ ಕಂಬವಾಗುತ್ತಾನೆ. ಮರುದಿನ ಗೀಚಣ್ಣ ಗಡ್ಡದ ನೆಪ ಹೂಡಿ ತಾನೇ ಕುರ್ಚಿ ಏರಿದ. ಕೊರಳಿಗೆ ಕಟ್ಟಿದ ಬಿಳಿ ಬಟ್ಟೆಯಡಿ, ತೊಡೆಯ ಮೇಲೆ, ರಟ್ಟು, ಕಾಗದ, ಪೆನ್ಸಿಲ್. ಮಗಳು ಚಿಕ್ಕವಳಿದ್ದಾಗ ಮುಖಕ್ಕೆಲ್ಲ ನೊರೆ ಬಳಿದುಕೊಂಡು ತನಗೂ ಗಡ್ಡ ಮಾಡೆಂದು ಪೀಡಿಸಿದ್ದನ್ನು ಹೇಳುತ್ತ ಕ್ಷೌರಿಕ ಬಾಗಿದ. ನಗು ಎಡಗೆನ್ನೆ ಹತ್ತಿತು. ಕಾಗದ ನೋಡದೆಯೇ ಗೀಚಣ್ಣನ ಕೈ ಆ ನಗುವಿನ ಬೆನ್ನು ಹತ್ತಿತು.

"ಅಲ್ಲಾಡ್ಬೇಡ ಮಾರಾಯ. ಒಳಗೇನು ಇಲಿ ಬಿಟ್ಕೊಂಡಿದ್ದೀಯಾ?"

ಬಟ್ಟೆ ತೆಗೆದಾಗ ಕಂಡದ್ದು ಅವಾಂತರ: ಒಂದು ಕಿವಿ ಜಾರಿ ಭುಜದ ಬಳಿ, ಒಂದು ಹುಬ್ಬು ತಲೆಗೂದಲಿನಲ್ಲಿ. ನಗು ಮಾತ್ರ ಎಡಗೆನ್ನೆಯಲ್ಲೇ ಇತ್ತು. ಗೀಚಣ್ಣ ನಾಚಿ ಮಡಚುವಷ್ಟರಲ್ಲಿ, ಅಲ್ಲೇ ನಿಂತಿದ್ದ ಕ್ಷೌರಿಕನ ಹೆಂಡತಿ ಕಿತ್ತುಕೊಂಡಳು. ನೋಡಿದವಳೇ ಲಕೋಟೆ ಹುಡುಕತೊಡಗಿದಳು. ಕ್ಷೌರಿಕ ಇಣುಕಿ, ಇದು ತಾನಲ್ಲವೇ ಅಲ್ಲವೆಂದು ವಾದಕ್ಕಿಳಿದ.

"ನಿಮಗೇನ್ರೀ ಗೊತ್ತು? ನೀವು ನೋಡಿರೋದು ಕನ್ನಡೀಲಿ," ಎಂದು ಅವಳು ಲಕೋಟೆಗೆ ಅಂಟು ಹಚ್ಚಿದಳು. "ಮಗಳೂ ನಾನೂ ನೋಡ್ಕೊಂಡು ಬಂದಿರೋದು ಈ ಮುಖಾನೇ."