ತಣ್ಣೀರಿನ ಬಾಣ

ಸೆಪ್ಟೆಂಬರ್ ಮುಗಿಯುತ್ತ ಬಂದಿತ್ತು; ಸಂಜೆ ನಾಲ್ಕರ ಹೊತ್ತು. ರುಸೆ ಊರಿನ ಬಾಲ್ಕನಿಗಳಲ್ಲೆಲ್ಲ ಚಳಿಗಾಲಕ್ಕೆ ಕೂಡಿಡಲೆಂದು ಕೆಂಪು ದಪ್ಪಮೆಣಸಿನಕಾಯಿ ಸುಡುತ್ತಿದ್ದರು. ಲ್ಯುಬೆನ್ ಮೇಷ್ಟ್ರು ಹೊಗೆಗೆ ಕಿಟಕಿ ಮುಚ್ಚಿ, ಮೇಜಿನ ಮೇಲೆ ಎರಡು ಕಪ್ ಕಾಫಿ ಇಟ್ಟು, ಎದುರಿನ ಕುರ್ಚಿಯ ಮೇಲಿದ್ದ ಪುಸ್ತಕಗಳನ್ನು ಎತ್ತಿ ನೆಲಕ್ಕಿಟ್ಟರು. ರಾಯ್ನಾ ಚಿತ್ರ ತರುವ ದಿನ.

ಎಂಟನೇ ತರಗತಿಯ ರಸಾಯನಶಾಸ್ತ್ರದ ಪುಸ್ತಕ ಮೇಷ್ಟ್ರು ಬರೆದದ್ದು. ಅದರ ಚಿತ್ರಗಳು ರಾಯ್ನಾಳವು. ಇಪ್ಪತ್ತಾರು ವರ್ಷದಲ್ಲಿ ಆರು ಸಲ ಅಚ್ಚಾಗಿತ್ತು. ಪ್ರತಿ ಅಚ್ಚಿಗೂ ಚಿತ್ರ ಹೊಸದಾಗಿ ಬರೆಯಬೇಕಿತ್ತು; ಆರು ಸಲವೂ ಭಟ್ಟಿ ಇಳಿಸುವ ಚಿತ್ರದಲ್ಲಿ ಆಕೆಯದು ಒಂದೇ ತಪ್ಪು. ಆವಿಯ ಕೊಳವೆಯನ್ನು ತಣಿಸುವ ನೀರು ಕೆಳಗಿನಿಂದ ಹತ್ತಬೇಕು. ಆಕೆಯ ಬಾಣ ಮೇಲಿನಿಂದ ಇಳಿಯುತ್ತಿತ್ತು. ಮೇಷ್ಟ್ರು ಬೈದು, ಕುರ್ಚಿ ಎಳೆದುಕೊಡುತ್ತಿದ್ದರು. ಅದರಲ್ಲಿ ಕೂತು ಒಂದು ಬಾಣ ತಿದ್ದಲು ಆಕೆಗೆ ಮೂರು ಸಂಜೆ ಹಿಡಿಯುತ್ತಿತ್ತು. ಆ ಮೂರು ಸಂಜೆಗಾಗಿ ಮೇಷ್ಟ್ರು ವರ್ಷಗಟ್ಟಲೆ ಕಾಯುತ್ತಿದ್ದರು. ಹೇಳಿದವರಲ್ಲ.

ಏಳನೆಯ ಅಚ್ಚಿನ ಚಿತ್ರ ಹಿಡಿದು ರಾಯ್ನಾ ಬಂದಳು. ಕೋಟು ಬಿಚ್ಚಲಿಲ್ಲ. ಮೇಷ್ಟ್ರು ಕನ್ನಡಕ ಏರಿಸಿ ಹಾಳೆಯನ್ನು ಬೆಳಕಿಗೆ ಹಿಡಿದರು. ನೀರು ಕೆಳಗಿನಿಂದ ಹತ್ತುತ್ತಿತ್ತು.

"ಸರಿಯಾಗಿದೆಯಲ್ಲ!"

"ಆಗದೆ ಏನು? ನಮ್ಮಪ್ಪ ಹಿತ್ತಲಲ್ಲಿ ದ್ರಾಕ್ಷಿಯಿಂದ ರಾಕಿಯಾ ಸಾರಾಯಿ ಇಳಿಸೋರು. ತಣ್ಣೀರು ಎಲ್ಲಿಂದ ಬಿಡ್ಬೇಕು ಅಂತ ಎಂಟು ವರ್ಷದವಳಿದ್ದಾಗ್ಲೇ ಗೊತ್ತು ನಂಗೆ."

ಮೇಷ್ಟ್ರು ಹಾಳೆ ಇಳಿಸಿದರು. "ಮತ್ತೆ ನಾನು ಬೈದಿದ್ದೆಲ್ಲ?"

"ಬೈಸ್ಕೊಂಡೆ. ನಿಮ್ಮ ಬೈಗುಳಕ್ಕಿಂತ ನಿಮ್ಮ ಕಾಫಿನೇ ಕಹಿ." ನಕ್ಕಳು. ಆಮೇಲೆ ಕೈಚೀಲವನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸಿದಳು. "ಬುರ್ಗಾಸ್‌ನಲ್ಲಿ ಅಕ್ಕ ಬಿದ್ದು ಸೊಂಟ ಮುರ್ಕೊಂಡಿದ್ದಾಳೆ, ಮೇಷ್ಟ್ರೇ. ಇನ್ಮೇಲೆ ಅಲ್ಲೇ ಇರೋಕೆ ಹೋಗ್ತಿದೀನಿ. ಈ ಸಲ ಮೂರು ಸಂಜೆ ಆಗಲ್ಲ."

 ಮೇಷ್ಟ್ರು ರಬ್ಬರು ಹುಡುಕಿ, ಆಕೆ ಪೆನ್ಸಿಲಿನಲ್ಲಿ ಬರೆದ ಬಾಣವನ್ನು ಉಜ್ಜಿ ತೆಗೆದರು. ಅಲ್ಲೇ ಕೆಳಮುಖವಾಗಿ ಇನ್ನೊಂದನ್ನು ಎಳೆದು, ಹಾಳೆಯನ್ನು ಆಕೆಯತ್ತ ತಳ್ಳಿದರು.

"ತಪ್ಪಿದೆ ನೋಡಿ."

ರಾಯ್ನಾ ಬಾಣದ ಮೇಲೆ ಬೆರಳಾಡಿಸಿದಳು. "ಇದನ್ನ ಆರು ಸಲದಲ್ಲಿ ಒಂದು ಸಲ ಮಾಡ್ಬಾರ್ದಿತ್ತಾ? ಗೆರೆ ಬೇರೆ ಸೊಟ್ಟ."

ನಿಂತಲ್ಲೇ ಬಾಗಿ, ಸೊಟ್ಟ ಬಾಣ ಅಳಿಸಿ, ಮತ್ತೆ ಮೇಲ್ಮುಖ ಮಾಡಿದಳು. ಅರ್ಧ ನಿಮಿಷವೂ ಹಿಡಿಯಲಿಲ್ಲ. ತಣ್ಣಗಾದ ಕಾಫಿಯನ್ನು ಒಂದೇ ಗುಟುಕಿಗೆ ಕುಡಿದು, ಮುಖ ಕಿವುಚಿ, ಕಪ್ಪನ್ನು ಆ ಕುರ್ಚಿಯ ಮೇಲೆ ಇಟ್ಟಳು.

ದಿನಗಳು ಕಳೆದರೂ ಕಪ್ ಕುರ್ಚಿಯ ಮೇಲೇ ಇತ್ತು. ನೆಲದ ಮೇಲಿನ ಪುಸ್ತಕಗಳೂ ನೆಲದ ಮೇಲೇ ಇದ್ದವು. ರಾಯ್ನಾ ಊರು ಬಿಟ್ಟದ್ದು ಗುರುವಾರ, ಬೆಳಗಿನ ರೈಲಿಗೆ.